ನಮ್ಮ ಮನೆಗೆ ಕನ್ನಡ ಚಾನೆಲ್ ಬಂದ ವರ್ಷ

ನನ್ನ ಮಗಳು ಒಂದು ಸಲ ನನ್ನನ್ನು ಬಂದ್ ಮಾಡಲು ನೋಡಿದಳು. ಚೆಲ್ಲಿದ ಹಾಲು ಒರೆಸುತ್ತ ನಾನು ಅವಳನ್ನು ಬೈಯುತ್ತಿದ್ದೆ. ನಾನು ಬೈಯಲು ಶುರು ಮಾಡಿದರೆ ಬೇಗ ಮುಗಿಸುವವಳಲ್ಲ. ಹಾಲಿನಿಂದ ಹೊರಟು, ಗದಗಿಗೆ ಹೋಗಿ, ನಮ್ಮತ್ತೆಯ ತವರುಮನೆಯನ್ನೂ ಒಂದು ಸುತ್ತು ಹಾಕಿ ಬರುತ್ತೇನೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಚಾಪೆಯ ಮೇಲಿದ್ದ ರಿಮೋಟು ಎತ್ತಿಕೊಂಡು ನನ್ನ ಕಡೆ ಹಿಡಿದು ಗುಂಡಿ ಒತ್ತಿದಳು. ನಾನು ನಿಲ್ಲಲಿಲ್ಲ. ಇನ್ನೊಂದು ಗುಂಡಿ ಒತ್ತಿದಳು. ರಿಮೋಟನ್ನು ಅಂಗೈಗೆ ಬಡಿದು, ಅದು ಅವರಪ್ಪನಿಂದ ಕಲಿತದ್ದು, ಮತ್ತೊಮ್ಮೆ ಒತ್ತಿದಳು. ಆಗಲೂ ನಾನು ಬದಲಾಗದೇ ಇದ್ದಾಗ ಅದನ್ನು ಕೆಳಗಿಟ್ಟು ಟಿವಿ ಕಡೆ ತಿರುಗಿ ಕೂತಳು.

ಸಂಜೆ ಗಂಡನಿಗೆ ಹೇಳಿದೆ. ಅವರು ನಕ್ಕರು. "ಆ ರಿಮೋಟಿಗೆ ಹೊಸಾ ಸೆಲ್ ಹಾಕಬೇಕು. ನನಗೂ ಬೇಕಾಗೇತಿ," ಅಂದರು. ಅವತ್ತು ಅವರಿಗೆ ಊಟಕ್ಕೆ ಬರೀ ಮಜ್ಜಿಗೆ ಅನ್ನ ಹಾಕಿದೆ. ನಗುವ ವಿಷಯವಾಗಿದ್ದರೆ ನಾನೂ ನಗುತ್ತಿದ್ದೆ. ಮೂರು ವರ್ಷಕ್ಕೆ ಬಂದ ಕೂಸು ಅಲ್ಲಿಯವರೆಗೆ ಒಂದು ಮಾತು ಆಡಿರಲಿಲ್ಲ. ಅಮ್ಮ ಅಂದಿರಲಿಲ್ಲ, ಅಪ್ಪ ಅಂದಿರಲಿಲ್ಲ, ಒಲ್ಲೆ ಅಂದಿರಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು, "ಹೊರಗ ಹೋಗೂಣು" ಅಂದರೆ ಚಪ್ಪಲಿ ತಂದು ಕೊಡುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಅಳುವ ದನಿ ನನಗೆ ಗೊತ್ತಿತ್ತು, ಮಾತಿನ ದನಿ ಗೊತ್ತಿರಲಿಲ್ಲ.

ನಾವಿದ್ದದ್ದು ವಿಶಾಖಪಟ್ಟಣದ ಗಾಜುವಾಕದಲ್ಲಿ, ತೊಂಬತ್ತರ ದಶಕದ ನಡುಭಾಗದಲ್ಲಿ. ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ಟೌನ್‌ಶಿಪ್ಪಿನಲ್ಲಿ ಕ್ವಾರ್ಟರ್ಸು ಸಿಗುವ ತನಕ ಅಂತ ಒಂದು ಮಹಡಿಮನೆ ಬಾಡಿಗೆಗೆ ಹಿಡಿದಿದ್ದೆವು. ಆ 'ತನಕ' ವರ್ಷಗಟ್ಟಲೆ ನಡೆಯಿತು. ಕೆಳಗಡೆ ಮನೆಯೊಡತಿ ಇದ್ದಳು, ಎಪ್ಪತ್ತು ದಾಟಿದ ಮುದುಕಿ, ಒಬ್ಬಳೇ. ಮಾತಾಡುವುದು ತೆಲುಗು. ಕಿವಿ ಪೂರ್ತಿ ಹೋಗಿರಲಿಲ್ಲ, ಒದರಿದರೆ ಕೇಳುತ್ತಿತ್ತು. ನನಗೆ ಒದರುವುದಕ್ಕೆ ಕಷ್ಟವಿಲ್ಲ, ಆದರೆ ತೆಲುಗಿನಲ್ಲಿ ಒದರುವಷ್ಟು ತೆಲುಗು ಬರುತ್ತಿರಲಿಲ್ಲ.

ಕಾರ್ಖಾನೆಯವರು, ನೌಕಾದಳದವರು ಎಲ್ಲ ಸೇರಿ ಕನ್ನಡದವರ ಮನೆಗಳು ಹತ್ತೋ ಹನ್ನೆರಡೋ ಇದ್ದವು. ಧಾರವಾಡದ ಕಡೆಯವರು, ಮಂಡ್ಯದವರು, ಕುಂದಾಪುರದ ಕಡೆಯವರೊಬ್ಬರು. ಊರಿನಲ್ಲಿದ್ದರೆ ಒಬ್ಬರ ಕನ್ನಡ ಕೇಳಿ ಒಬ್ಬರು ನಗುವ ಜನ. ಅಲ್ಲಿ ಬೀಗರ ಹಾಗೆ ಇದ್ದೆವು. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು, ಉಪ್ಪಿಟ್ಟು ಮಾಡುತ್ತಿದ್ದೆವು. ಅದಕ್ಕೊಂದು ನಿಯಮವಿತ್ತು. ಯಾವ ಹುಡುಗನ ಬಾಯಿಂದ ತೆಲುಗು ಬಂತೋ ಅವನಿಗೆ ಉಪ್ಪಿಟ್ಟು ಕೊನೆಗೆ. ನಿಯಮ ಮಾಡಿದವರು ಮಂಡ್ಯದ ಹಿರಿಯರು. ಮೊದಲ ಭಾನುವಾರವೇ ಮಕ್ಕಳೆಲ್ಲ ಕೊನೆಗೆ ಉಳಿದರು, ಕೊನೆಯವರಲ್ಲಿ ಮೊದಲು ಯಾರು ಅಂತ ತೆಲುಗಿನಲ್ಲಿ ಜಗಳ ತೆಗೆದರು. ಹಿರಿಯರು ಸಿಟ್ಟಿಗೆದ್ದು "ಆಗಂಡ್ರಾ!" ನಿಲ್ಲಿಸ್ರೋ ಅಂತ ತೆಲುಗಿನಲ್ಲೇ ಗದರಿಸಿ, ತಾವೂ ಕೊನೆಗೆ ತಿಂದರು.

ನನ್ನ ಮಗಳಿಗೆ ಮಾತ್ರ ಪ್ರತಿ ಸಲವೂ ಮೊದಲ ತಟ್ಟೆ. ಅವಳ ಬಾಯಿಂದ ಒಂದು ತೆಲುಗು ಶಬ್ದ ಬಂದಿರಲಿಲ್ಲ. "ನೋಡ್ರಪ್ಪ, ಹೆಂಗೈತೆ ಮಗು, ಎಷ್ಟು ಗಂಭೀರ!" ಅಂತ ಹಿರಿಯರು ಉಳಿದ ಮಕ್ಕಳಿಗೆ ತೋರಿಸುತ್ತಿದ್ದರು. ಮೊದಮೊದಲು ನನಗೂ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ದೊಡ್ಡ ಮಕ್ಕಳನ್ನು ನೋಡಿಯೇ ನಾನು ಮನಸ್ಸು ಗಟ್ಟಿ ಮಾಡಿದ್ದು. ಊರಿಂದ ಅಜ್ಜಿ ಬಂದರೆ ಮೊಮ್ಮಗ ಅವ್ವನ ಮುಖ ನೋಡುತ್ತಿದ್ದ, ಅವ್ವ ನಡುವೆ ಕೂತು ಅಜ್ಜಿಯ ಮಾತು ಅವನಿಗೆ, ಅವನ ಮಾತು ಅಜ್ಜಿಗೆ ದಾಟಿಸುತ್ತಿದ್ದಳು. ನಮ್ಮ ಮನೆಯಲ್ಲಿ ಇದು ನಡೆಯುವುದಿಲ್ಲ ಅಂತ ನಾನು ಗಂಡನಿಗೆ ಹೇಳಿದೆ. ಮಗಳನ್ನು ಓಣಿಗೆ ಬಿಡಲಿಲ್ಲ. ಓಣಿಯಲ್ಲಿ ತೆಲುಗು, ತರಕಾರಿ ಗಾಡಿಯಲ್ಲಿ ತೆಲುಗು, ಐಸ್‌ಕ್ರೀಮಿನ ಗಂಟೆ ಕೂಡ ತೆಲುಗಿನಲ್ಲಿ ಬಡಿಯುತ್ತಿದೆ ಅನ್ನಿಸುತ್ತಿತ್ತು ನನಗೆ. ಮನೆಯೊಳಗೆ ಕನ್ನಡ ಅಂದರೆ ನಾನೊಬ್ಬಳೇ. "ಇದು ವಾಟಗಾ, ಇದು ಚಮಚಾ, ಇದು ಹಂಚು, ಮುಟ್ಟಬ್ಯಾಡ, ಸುಡತೈತಿ," ಅಂತ ಮುಂಜಾನೆಯಿಂದ ಹೇಳಿ ಹೇಳಿ ಮಧ್ಯಾಹ್ನಕ್ಕೆ ಗಂಟಲು ಕಟ್ಟುತ್ತಿತ್ತು.

ಅಷ್ಟರಲ್ಲಿ ದಿನವಿಡೀ ಬರುವ ಕನ್ನಡ ಚಾನೆಲ್ ಒಂದು ಶುರುವಾಗಿದೆ ಅಂತ ಸುದ್ದಿ ಬಂತು. ನಮ್ಮ ಬಳಗದಲ್ಲಿ ಎಲ್ಲರಿಗೂ ನಿದ್ದೆ ಹೋಯಿತು. ಗಂಡಸರು ನಾಲ್ಕು ಜನ ಇಸ್ತ್ರಿ ಅಂಗಿ ತೊಟ್ಟು ಕೇಬಲ್ಲಿನವನ ಅಂಗಡಿಗೆ ಹೋಗಿ ಬಂದರು. ಅವನು ಗೌರವದಿಂದ ಕುರ್ಚಿ ಕೊಟ್ಟು, ಟೀ ಕುಡಿಸಿ, ಗಾಜುವಾಕದಲ್ಲಿ ಅದನ್ನು ಯಾರು ನೋಡುತ್ತಾರೆ ಸಾರ್ ಅಂತ ಕೇಳಿ ಕಳಿಸಿದ. ಇವರು ಟೀ ಚೆನ್ನಾಗಿತ್ತು ಅಂತ ಹೇಳಿಕೊಂಡು ಬಂದರು. ಮರುದಿನ ನಾನು ಹೋದೆ. ಕನ್ನಡದಲ್ಲೇ ಬೈದೆ. ಅವನಿಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಅಂಗಡಿಯ ಮುಂದೆ ಜನ ನಿಲ್ಲತೊಡಗಿದ್ದು ಅವನಿಗೆ ಕಾಣುತ್ತಿತ್ತು. "ಸರೇನಮ್ಮಾ, ಸರೇನಮ್ಮಾ," ಅಂತ ಕೈಮುಗಿದ. ವಾರದೊಳಗೆ ಯಾರಿಗೂ ಅರ್ಥವಾಗದ ಯಾವುದೋ ವಿದೇಶಿ ಚಾನೆಲ್ ತೆಗೆದು ಆ ಜಾಗದಲ್ಲಿ ಕನ್ನಡ ಕೂರಿಸಿದ.

ಅವತ್ತು ಎಲ್ಲರೂ ನಮ್ಮ ಮನೆಗೆ ಬಂದರು. ಟಿವಿಗೆ ಕುಂಕುಮ ಹಚ್ಚಿ ಹೂ ಏರಿಸಿದರು. ಮಂಡ್ಯದ ಹಿರಿಯರು ಕಾಯಿ ಒಡೆದರು, ನೀರು ವೋಲ್ಟೇಜ್ ಸ್ಟೆಬಿಲೈಜರಿನ ಮೇಲೆ ಬೀಳದಂತೆ ನನ್ನ ಗಂಡ ತಟ್ಟೆ ಹಿಡಿದರು. ಪೆಟ್ಟಿಗೆಯಲ್ಲಿ ಯಾರೋ ಹೆಣ್ಣುಮಗಳು ಚಿತ್ರಾನ್ನ ಮಾಡುವುದನ್ನು ಹೇಳಿಕೊಡುತ್ತಿದ್ದಳು. ನಮಗೆಲ್ಲ ಹುಟ್ಟಿದಾಗಿನಿಂದ ಬರುವ ಚಿತ್ರಾನ್ನ. ಆದರೂ ಎಲ್ಲರೂ ಕಣ್ಣು ಮಿಟುಕಿಸದೆ ನೋಡಿದೆವು. ಕುಂದಾಪುರದವರ ಹೆಂಡತಿ ಕಣ್ಣೊರೆಸಿಕೊಂಡಳು. "ಇನ್ನು ಮಕ್ಕಳ ಕನ್ನಡಕ್ಕೆ ಭಯ ಇಲ್ಲ ಬಿಡಿ," ಅಂದರು ಹಿರಿಯರು. ಹೌದು ಅಂತ ನಾನೂ ಅಂದೆ.

ಮರುದಿನದಿಂದ ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಟಿವಿ ಹಚ್ಚುವುದು, ಮಲಗುವ ಮುಂಚೆ ಬಂದ್ ಮಾಡುವುದು. ಬೇರೆ ಯಾವ ಭಾಷೆಯದಾಗಿದ್ದರೂ ನಾನೇ ಬೈದು ಆರಿಸುತ್ತಿದ್ದೆ. ಕನ್ನಡವನ್ನು ಹೇಗೆ ಆರಿಸುವುದು? ಮಗಳಿಗೆ ಮುಂದೆ ಚಾಪೆ ಹಾಸಿಕೊಟ್ಟೆ. ನನಗೂ ಕೈ ಬಿಡುವಾಯಿತು, ಗಂಟಲಿಗೂ.

ಅವಳು ಹಟ ಮಾಡುವುದು ಬಿಟ್ಟಳು. ಅಳುವುದು ಕಡಿಮೆಯಾಯಿತು. ಬಾಯಿಗೆ ತುತ್ತಿಟ್ಟರೆ ನುಂಗುತ್ತಿದ್ದಳು, ಏನು ಇಟ್ಟೆ ಅಂತ ನೋಡುತ್ತಿರಲಿಲ್ಲ. ಒಂದು ಸಲ ಹಾಗಲಕಾಯಿ ಪಲ್ಯ ಇಟ್ಟೆ, ಅದನ್ನೂ ನುಂಗಿದಳು. ವಾರ್ತೆ ಓದುವವಳು ನಮಸ್ಕಾರ ಅಂದರೆ ಎರಡು ಕೈ ಜೋಡಿಸುತ್ತಿದ್ದಳು. ಮನೆಗೆ ಬಂದವರು ನಮಸ್ಕಾರ ಮಾಡಿದರೆ ಅವರ ಮುಖವನ್ನೇ ನೋಡುತ್ತ ಕೂರುತ್ತಿದ್ದಳು, ಅವರು ಮುಂದೇನು ಮಾಡುತ್ತಾರೆ ಅಂತ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಸಾಬೂನಿನ ಜಾಹೀರಾತಿನ ಮೊದಲ ಸ್ವರ ಬಂದರೆ ಬಚ್ಚಲಿಂದಲೂ ಓಡಿ ಬರುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಾನು ಒಲೆಯ ಮುಂದಿನಿಂದ ಎದ್ದು ಬಂದು ನೋಡಿದರೆ ಅವಳು ಕೂತಲ್ಲೇ ಕೂತಿದ್ದಾಳೆ. ಪರದೆ ಕಪ್ಪಗಾಗಿದೆ, ಇವಳು ನೋಡುತ್ತಲೇ ಇದ್ದಾಳೆ. ಎತ್ತಿಕೊಂಡರೆ ಕತ್ತು ತಿರುಗಿಸಿ ಅದನ್ನೇ ನೋಡಿದಳು. ಕರೆಂಟು ಬರುವಷ್ಟರಲ್ಲಿ ಅನ್ನ ಬೆಂದು, ನಾನು ಬಟ್ಟೆ ಮಡಚಿ ಮುಗಿಸಿದ್ದೆ. ಅಲ್ಲಿಯವರೆಗೂ ಅವಳು ಕದಲಲಿಲ್ಲ. ನನಗೆ ಹೆದರಿಕೆ ಹತ್ತಿದ್ದು ಅವತ್ತು ಮೊದಲ ಸಲ.

ಎಸ್‌ಟಿಡಿ ಬೂತಿಗೆ ಹೋಗಿ ಗದಗಿನಲ್ಲಿದ್ದ ಅತ್ತೆಗೆ ಫೋನು ಮಾಡಿದೆ. "ಬಜಿ ಬೇರು ತೇದು ನಾಲಿಗಿಗೆ ಹಚ್ಚೀಯಿಲ್ಲೋ?" ಅಂದರು. ಹಚ್ಚಿದೆ. "ಜೇನುತುಪ್ಪದಾಗ ಹಚ್ಚವಾ, ಬರೇ ನೀರಾಗ ಅಲ್ಲ." ಹಾಗೂ ಹಚ್ಚಿದೆ. ಅವಳಿಗೆ ಜೇನು ಸೇರಿತು, ಬಟ್ಟಲು ತೋರಿಸಿ ಬಾಯಿ ತೆರೆಯತೊಡಗಿದಳು. ಮಾತು ಬರಲಿಲ್ಲ. ಮುಂದಿನ ಫೋನಿನಲ್ಲಿ ಅತ್ತೆ, "ನಮ್ಮ ಮನಿತನದಾಗ ಮೂಕರು ಯಾರೂ ಇಲ್ಲ, ನಿಮ್ಮ ಕಡೆ ಕೇಳಿ ನೋಡು," ಅಂದರು. ನಮ್ಮ ಕಡೆ ಮೂಕರೇ? ನಮ್ಮ ಮನೆತನದಲ್ಲಿ ಒಬ್ಬರು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಅದನ್ನೇ ಹೇಳಿದೆ, ಬೂತಿನವನು ಗಾಜಿನ ಬಾಗಿಲು ಸರಿಯಾಗಿ ಹಾಕಿಕೊಳ್ಳಿ ಅಂತ ಕೈಸನ್ನೆ ಮಾಡಿದ.

ಜೂನಿಗೆ ಎಲ್‌ಕೆಜಿಗೆ ಸೇರಿಸಬೇಕಿತ್ತು. ಶಾಲೆಯ ಮೇಡಂ ಬಹಳ ಪ್ರೀತಿಯಿಂದ ಹೆಸರು ಕೇಳಿದರು, ಬಣ್ಣ ಕೇಳಿದರು, ಗೊಂಬೆ ತೋರಿಸಿದರು. ನನ್ನ ಮಗಳು ಮೇಡಂ ಅನ್ನು ಕಾರ್ಯಕ್ರಮ ನೋಡಿದ ಹಾಗೆ ನೋಡಿದಳು. ಮೇಡಂ ಸುಮ್ಮನಾದ ಮೇಲೂ ನೋಡಿದಳು. ಮಾತು ಬಂದ ಮೇಲೆ ಕರೆದುಕೊಂಡು ಬನ್ನಿ ಅಂದರು ಮೇಡಂ. ಆಟೋದಲ್ಲಿ ಬರುವಾಗ ನಾನು ದಾರಿಯುದ್ದಕ್ಕೂ, "ನಿನ್ನ ಹೆಸರೇನಂತ ಹೇಳಿದ್ದರ ನಿನ್ನ ಗಂಟೇನು ಹೋಗತಿತ್ತು," ಅಂತ ಬೈದೆ, ಮನೆ ಬಂದ ಮೇಲೆ ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅವಳು ನನ್ನ ಭುಜದ ಮೇಲಿಂದ ಇಣುಕಿ ಟಿವಿ ನೋಡುತ್ತಿದ್ದಳು.

ಇಷ್ಟರಲ್ಲಿ ಕೆಳಗಿನ ಮುದುಕಿಯ ಪ್ರಕರಣವಾಯಿತು. ಬಜಾರಿಗೆ ಹೋಗುವಾಗ ಮಗಳನ್ನು ಅವಳ ಹತ್ತಿರ ಬಿಟ್ಟು ಹೋಗುತ್ತಿದ್ದೆ. ತೆಲುಗಿನವರ ಹತ್ತಿರ ಬಿಡುವುದಿಲ್ಲ ಅಂದವಳು ಅಲ್ಲಿ ಯಾಕೆ ಬಿಟ್ಟೆ ಅಂದರೆ, ಕಿವಿ ಕೇಳದವಳು ಎಷ್ಟು ತೆಲುಗು ಕಲಿಸಿಯಾಳು ಅಂತ ಧೈರ್ಯ. ಅವಳ ಮನೆಯಲ್ಲಿ ಟಿವಿಯೂ ಇರಲಿಲ್ಲ, ಕೇಳದ ಮೇಲೆ ಅವಳಿಗೆ ಅದೇಕೆ? ಒಂದು ದಿನ ನಾನು ಚೀಲ ಹಿಡಿದು ಬಂದಾಗ ಮುದುಕಿ ನಗುನಗುತ್ತ, "ಮೀ ಪಾಪ ಭಲೇ ಮಾಟಾಡತಾದಮ್ಮಾ!" ಅಂದಳು. ನಿಮ್ಮ ಕೂಸು ಭಾರಿ ಮಾತಾಡುತ್ತದೆ ಅಂತ. ಮಗಳು ಪಕ್ಕದಲ್ಲಿ ಎಂದಿನಂತೆ ಬಾಯಿ ಮುಚ್ಚಿ ನಿಂತಿದ್ದಳು.

ನನಗೆ ಪಿತ್ತ ನೆತ್ತಿಗೇರಿತು. ಊರೆಲ್ಲ ನನ್ನ ಮಗಳನ್ನು ಮೂಕಿ ಅನ್ನುವ ಹೊತ್ತಿನಲ್ಲಿ ಕಿವುಡಿಯೊಬ್ಬಳು ಬಂದು ಭಾರಿ ಮಾತಾಡುತ್ತಾಳೆ ಅಂತ ಸರ್ಟಿಫಿಕೇಟು ಕೊಡುವುದೇ! ಹುಣ್ಣಿಗೆ ಉಪ್ಪು ಹಚ್ಚುತ್ತಿದ್ದಾಳೆ ಅಂದುಕೊಂಡೆ, ಇಲ್ಲವೇ ಅರವತ್ತರ ಅರಳುಮರಳು ಎಪ್ಪತ್ತಕ್ಕೆ ಹೆಚ್ಚಾಗಿದೆ ಅಂದುಕೊಂಡೆ. ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದೆ. ಅವತ್ತಿನಿಂದ ಕೆಳಗೆ ಬಿಡುವುದು ನಿಂತಿತು. ಬಜಾರಿಗೆ ಗಂಡ ಬಂದ ಮೇಲೆ ಹೋಗತೊಡಗಿದೆ. ಈಗ ಯಾರಾದರೂ ನನ್ನದು ತಪ್ಪಾಯಿತು ಅಂದರೆ ನಾನು ಒಪ್ಪುವುದಿಲ್ಲ. ಕಿವುಡರ ಸಾಕ್ಷಿಯನ್ನು ಯಾವ ಕೋರ್ಟಿನಲ್ಲಿ ನಂಬುತ್ತಾರೆ?

ನನ್ನ ಅಕ್ಕ ವಿಜಯವಾಡದ ಪಟಮಟದಲ್ಲಿದ್ದಳು, ಭಾವನಿಗೆ ಬ್ಯಾಂಕಿನ ಕೆಲಸ. ಗವರ್ನರ್‌ಪೇಟೆಯಲ್ಲಿ ಮಕ್ಕಳ ಕಿವಿ, ಮಾತು ನೋಡುವ ದೊಡ್ಡ ಡಾಕ್ಟರಿದ್ದಾರೆ, ಕರೆದುಕೊಂಡು ಬಾ ಅಂದಳು. ಹಗಲಿನ ರೈಲಿಗೆ ಹೊರಟೆವು, ನಾನು ಮತ್ತು ಮಗಳು. ರೈಲಿನಲ್ಲಿ ಟಿವಿ ಇರಲಿಲ್ಲ, ಅವಳು ಕಿಟಕಿ ನೋಡಿದಳು. ನಾನು, "ಅದು ಹೊಲ, ಅದು ಎಮ್ಮಿ, ಅದು ತಾಳಿ ಗಿಡ, ಅಲ್ನೋಡು ಇನ್ನೊಂದು ಎಮ್ಮಿ," ಅಂತ ತುನಿ ದಾಟಿ ರಾಜಮಂಡ್ರಿಯವರೆಗೆ ಹೇಳುತ್ತ ಹೋದೆ. ಎದುರಿಗಿದ್ದ ಹೆಂಗಸು ಮಗುವಿಗೆ ಬಿಸ್ಕತ್ತು ಕೊಟ್ಟು, ನನ್ನ ಕಡೆ ನೋಡಿ ನೀರಿನ ಬಾಟಲಿ ಮುಂದೆ ಮಾಡಿದಳು.

ಡಾಕ್ಟರ ಕ್ಲಿನಿಕ್ಕು ಸಗಟು ಬಟ್ಟೆ ಅಂಗಡಿಗಳ ಸಾಲಿನಲ್ಲಿ ಮೇಲ್ಮಹಡಿಯಲ್ಲಿತ್ತು. ಅವರು ಮಗಳ ಬೆನ್ನ ಹಿಂದೆ ಗಿಲಕಿ ಆಡಿಸಿದರು, ತಿರುಗಿದಳು. ನಾಲಿಗೆ ಎತ್ತಿಸಿ ನೋಡಿದರು, ಗಂಟಲು ನೋಡಿದರು. ಕಿವಿಗೆ ದೋಷವಿಲ್ಲ, ನಾಲಿಗೆಗೆ ದೋಷವಿಲ್ಲ. ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರು. ಕನ್ನಡ ಅಂದೆ. ಸುಮ್ಮನಿರದೆ, ದಿನವಿಡೀ ಕನ್ನಡ ಚಾನೆಲ್ ಕೂಡ ಇದೆ, ನಾನೇ ಹೋರಾಡಿ ಹಾಕಿಸಿದೆ ಅಂತಲೂ ಹೇಳಿದೆ. "ಗುಡ್, ಗುಡ್," ಅಂದರು ತಲೆ ಎತ್ತದೆ. ಆಮೇಲೆ ಹೇಳಿದರು: ಮಗುವಿಗೆ ಗೊಂದಲವಾಗಿದೆ, ಒಂದೇ ಭಾಷೆ ಇಟ್ಟುಕೊಳ್ಳಿ, ಇರುವುದು ಇಲ್ಲಿಯಾದ್ದರಿಂದ ತೆಲುಗು ಇಟ್ಟುಕೊಳ್ಳಿ, ಕನ್ನಡ ನಿಲ್ಲಿಸಿ. ಉಪ್ಪು ಕಡಿಮೆ ತಿನ್ನಿ ಅನ್ನುವ ಹಾಗೆ ಹೇಳಿದರು. ನಾನು ಎದ್ದು ನಿಂತು ಏನೋ ಅನ್ನುವುದರೊಳಗೆ ಅಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದಳು.

ಅಕ್ಕನ ಮನೆಯಲ್ಲಿ ತೆಲುಗು ಟಿವಿ. ನನ್ನ ಮಗಳು ಒಳಗೆ ಕಾಲಿಟ್ಟವಳೇ ಅದರ ಮುಂದೆ ಕೂತಳು. ಅದೇ ಮುಖ, ಅದೇ ಅರೆತೆರೆದ ಬಾಯಿ. ವಾರ್ತೆಯವನು ತೆಲುಗಿನಲ್ಲಿ ನಮಸ್ಕಾರ ಹೇಳಿದ, ಅವನಿಗೂ ಕೈ ಜೋಡಿಸಿದಳು. ಒಂದು ವರ್ಷ ಹಗಲೂ ರಾತ್ರಿ ಕನ್ನಡ ಉಣಿಸಿದ್ದಕ್ಕೆ ಇಷ್ಟೇ ನಿಷ್ಠೆಯೇ ಅಂತ ನನಗೆ ಮೈಯೆಲ್ಲ ಉರಿಯಿತು. ಭಾವ ಹಿಂದಿ ಚಾನೆಲ್ಲಿಗೆ ತಿರುಗಿಸಿದರು, ಹಿಂದಿಯನ್ನೂ ನೋಡಿದಳು.

"ಅಲ್ಲವಾ ತಂಗಿ," ಅಂದಳು ಅಕ್ಕ, ಅವರೇಕಾಯಿ ಸುಲಿಯುತ್ತ, "ನೀ ಆಕಿಗೆ ಕನ್ನಡಾ ತೋರಸಾಕತ್ತಿ. ಆಕಿ ಟೀವಿ ನೋಡಾಕತ್ತಾಳ."

"ಮತ್ತ ನಾನೂ ಮಾತಾಡತೀನಲ್ಲ? ಮುಂಜಾನಿಂದ ಸಂಜಿತನಾ ನನ್ನ ಬಾಯಿಗೆ ಬಿಡುವಿಲ್ಲ!"

"ಅದನ್ನ ಹೇಳಾಕತ್ತೀನಿ. ಅದೂ ನಿಲ್ಲೂದಿಲ್ಲ, ನೀನೂ ನಿಲ್ಲೂದಿಲ್ಲ. ಆ ಕೂಸು ಯಾವ ಸಂದಿನ್ಯಾಗ ಬಾಯಿ ಹಾಕಬೇಕು?"

ಎಂತಹ ಮಾತು! ನನ್ನ ಒಡಹುಟ್ಟಿದ ಅಕ್ಕ ನನ್ನನ್ನು ಪೆಟ್ಟಿಗೆಗೆ ಹೋಲಿಸಿದಳು. ನಾನು ಅವರೇಕಾಯಿಯ ಬುಟ್ಟಿ ನೂಕಿ ಎದ್ದೆ. ಮಾಂಗಲ್ಯಕ್ಕೊಬ್ಬ ಗಂಡ, ಮಾತಿಗೊಬ್ಬ ಅಕ್ಕ ಅಂತ ನಂಬಿಕೊಂಡು ಬಂದೆನಲ್ಲ ಅಂತ ಅಂದೆ. ಭಾವ ನಕ್ಕುಬಿಟ್ಟರು, ಅದಕ್ಕೂ ಸೇರಿಸಿ ಸಿಟ್ಟು ಬಂತು. ಇನ್ನೆರಡು ದಿನ ಇರಬೇಕಾದವಳು ಮರುದಿನವೇ ರೈಲು ಹತ್ತಿದೆ. ಆ ರೈಲಿನಲ್ಲಿ ಒಂದೇ ಒಂದು ಎಮ್ಮೆಯನ್ನೂ ತೋರಿಸಲಿಲ್ಲ. ಮಗಳು ನನ್ನ ತೊಡೆಯ ಮೇಲೆ ಮಲಗಿದಳು. ಇವಳು ಯಾವ ಭಾಷೆಯಲ್ಲಾದರೂ ಆಗಲಿ, ಒಂದು ಸಲ ನನ್ನನ್ನು ಕರೆದರೆ ಸಾಕು ಅಂತ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಡಾಕ್ಟರು ಹೇಳಿದ್ದನ್ನು ಗಂಡ ವೇದವಾಕ್ಯ ಮಾಡಿಕೊಂಡರು. ಮನೆಯಲ್ಲಿ ತೆಲುಗು ಶುರು ಮಾಡಿದರು. ಅವರ ತೆಲುಗು ಅಂದರೆ ಕಾರ್ಖಾನೆಯಲ್ಲಿ ಕಂಟ್ರಾಕ್ಟಿನ ಆಳುಗಳಿಗೆ ಹೇಳುವಷ್ಟು. "ಇಟು ರಾ. ಅಟು ಪೋ. ಜಾಗ್ರತ್ತ. ಪೈಕಿ ಎತ್ತು." ಮಗಳು ಊಟಕ್ಕೆ ಕೂತರೆ ಕ್ರೇನು ನಡೆಸಿದ ಹಾಗೆ ಕೇಳುತ್ತಿತ್ತು. ನಾನೂ ಪ್ರಯತ್ನ ಮಾಡಿದೆ. ಒಂದು ದಿನ ಜಡೆ ಹಾಕುತ್ತ ತೆಲುಗಿನಲ್ಲಿ ಏನೋ ಹೇಳಹೋದೆ, ಬಾಯಲ್ಲಿ ಶಬ್ದ ಹೊರಳಲಿಲ್ಲ. ಹೆತ್ತ ಮಗಳಿಗೆ ಚಿನ್ನಾ, ಬಂಗಾರಾ ಅನ್ನುವುದಕ್ಕೂ ಯಾರದೋ ಮನೆಯಿಂದ ಶಬ್ದ ಕೇಳಿ ತರುವ ಹಾಗಾಯಿತಲ್ಲ ಅನ್ನಿಸಿತು. ಹಣಿಗೆ ಎಸೆದು ಟಿವಿ ಹಚ್ಚಿದೆ. ಕನ್ನಡದ್ದೇ ಹಚ್ಚಿದೆ, ದೊಡ್ಡದಾಗಿ ಹಚ್ಚಿದೆ, ಪಟಮಟಕ್ಕೆ ಕೇಳಲಿ ಅಂತ.

ಅದಾದ ಮೇಲಿನ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಒಳಗಿನ ಮೆಟ್ಟಿಲು ಹತ್ತಿ ತಾರಸಿಗೆ ಬಟ್ಟೆ ಒಣಹಾಕಲು ಹೋಗಿದ್ದೆ. ಇಳಿದು ಬಂದರೆ ಚಾಪೆ ಖಾಲಿ. ಟಿವಿಯಲ್ಲಿ ಒಬ್ಬರು ಕಷಾಯ ಮಾಡುವುದು ಹೇಳುತ್ತಿದ್ದರು, ಕೇಳುವವರಿಲ್ಲ. ಮಂಚದ ಕೆಳಗೆ ನೋಡಿದೆ, ಬಚ್ಚಲು ನೋಡಿದೆ. ಮುಂಬಾಗಿಲ ಚಿಲಕ ತೆಗೆದಿತ್ತು, ಪಕ್ಕದಲ್ಲಿ ಸ್ಟೂಲು. ಬಸ್ಸು, ಲಾರಿ ಓಡಾಡುವ ರಸ್ತೆ ಓಣಿಯ ತುದಿಯಲ್ಲೇ ಇತ್ತು. ಮೆಟ್ಟಿಲು ಇಳಿದು ಓಡಿದೆ.

ಕೆಳಗೆ ಹಿತ್ತಲ ಕಡೆಯಿಂದ ಯಾವುದೋ ಹುಡುಗಿ ಕಿರುಚಿ ಮಾತಾಡುವುದು ಕೇಳುತ್ತಿತ್ತು. ತೆಲುಗಿನಲ್ಲಿ, ಗಾಜುವಾಕದ ಓಣಿಯ ಅಚ್ಚ ತೆಲುಗಿನಲ್ಲಿ, ಕಾಗೆ ಬಂದು ದೋಸೆ ಎತ್ತಿಕೊಂಡು ಹೋಯಿತು ಅಂತ. "ಕಾಕಿ ಅಟ್ಟು ಎತ್ತುಕುಪೋನಾದಿ!" ದಪ್ಪ ದನಿ, ಸ್ವಲ್ಪ ಒಡಕು. ಯಾರ ಮನೆಯ ಗಯ್ಯಾಳಿ ಹುಡುಗಿಯೋ, ಇಷ್ಟು ಗಟ್ಟಿಯಾಗಿ ಒದರಬಾರದು ಅಂತ ಯಾರೂ ಕಲಿಸಿಲ್ಲ ಅಂದುಕೊಂಡೆ. ಮುದುಕಿಯನ್ನು ಕೇಳೋಣ, ನನ್ನ ಮಗಳನ್ನು ನೋಡಿದೆಯಾ ಅಂತ, ಎಂದು ಹಿತ್ತಲಿಗೆ ಬಂದೆ.

ಮುದುಕಿ ಕಟ್ಟೆಯ ಮೇಲೆ ಕೂತು ಗೋಂಗೂರ ಸೊಪ್ಪು ಬಿಡಿಸುತ್ತಿದ್ದಳು. ಅವಳ ಮುಂದೆ ನನ್ನ ಕಡೆ ಬೆನ್ನು ಮಾಡಿ ಒಂದು ಕೂಸು ನಿಂತಿತ್ತು. ಹಳದಿ ಫ್ರಾಕು. ಆ ಫ್ರಾಕಿನ ಹಿಂದಿನ ಗುಂಡಿ ಬಿದ್ದುಹೋಗಿ ನಾನೇ ಪಿನ್ನು ಹಾಕಿದ್ದೆ, ಅವತ್ತು ಬೆಳಿಗ್ಗೆ.

"ಏಟಿ?" ಅಂದಳು ಮುದುಕಿ, ಕಿವಿಗೆ ಕೈ ಹಚ್ಚಿ. ಸೊಪ್ಪು ಬಿಡಿಸುವುದು ನಿಲ್ಲಿಸಿ ಕಾದಳು.

"ಕಾಕಿ!" ಅಂತ ಒದರಿದಳು ನನ್ನ ಮಗಳು.

"ಏಟಿ, ಏಟಿ?"

"ಕಾಕಿ! ಅಟ್ಟು!" ಅಂತ ಎರಡೂ ಕೈ ಹಾರಿಸಿ ತೋರಿಸಿದಳು. ಪಕ್ಕದ ಗೋಡೆಯ ಮೇಲೆ ಕಾಗೆ ಇನ್ನೂ ಕೂತಿತ್ತು, ಕಾಲಲ್ಲಿ ದೋಸೆಯ ಚೂರು ಹಿಡಿದು.

ನನ್ನ ಮಗಳ ದನಿ ಹೀಗಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಿದವಳನ್ನು ನಾನು ನಂಬಿರಲಿಲ್ಲ. ಓಡಿಹೋಗಿ ಎತ್ತಿಕೊಳ್ಳಬೇಕು ಅಂತ ಹೆಜ್ಜೆ ಇಟ್ಟೆ. ಚಪ್ಪಲಿ ಸಪ್ಪಳಕ್ಕೆ ಕಾಗೆ ಹಾರಿತು, ಮಗಳು ತಿರುಗಿ ನನ್ನನ್ನು ನೋಡಿದಳು.

ನೋಡಿದವಳು ಬಾಯಿ ಮುಚ್ಚಿದಳು. ಹಾರಿಸುತ್ತಿದ್ದ ಕೈಗಳು ಕೆಳಗಿಳಿದವು. ಅಲ್ಲೇ ನೆಲದ ಮೇಲೆ ಕಾಲು ಮಡಚಿ ಕೂತು, ಮುಖ ನನ್ನ ಕಡೆ ಎತ್ತಿ, ನಾನು ಶುರುವಾಗುವುದನ್ನು ಕಾಯತೊಡಗಿದಳು.

ಬಾಯಿಗೆ ಮಾತು ಒತ್ತರಿಸಿ ಬಂದವು: ಬಾಗಿಲ ಚಿಲಕ, ಸ್ಟೂಲು, ಲಾರಿ, ರಸ್ತೆ, ಮುದ್ದು, ಬೈಗುಳ, ಎಲ್ಲ ಒಟ್ಟಿಗೆ. ಅಷ್ಟನ್ನೂ ನುಂಗಿದೆ. ಅಷ್ಟು ಮಾತು ಒಟ್ಟಿಗೆ ನುಂಗಿದ್ದು ಅದೇ ಮೊದಲು. ಮುದುಕಿಯ ಪಕ್ಕ ಕಟ್ಟೆಯ ಮೇಲೆ ಕೂತೆ.

"ಕಾಗಿ ಎಲ್ಲಿ ಹೋತು?" ಅಂದೆ.

ಅಂದು, ಸುಮ್ಮನಾದೆ. ಮೇಲಿಂದ ಟಿವಿ ಕೇಳುತ್ತಿತ್ತು, ಕಷಾಯಕ್ಕೆ ಇನ್ನೂ ಏನೇನೋ ಹಾಕುತ್ತಿದ್ದರು. ಮುದುಕಿ ಸೊಪ್ಪು ಬಿಡಿಸಿದಳು. ನಾನೂ ಒಂದು ಕಟ್ಟು ತೆಗೆದುಕೊಂಡೆ, ಎಲೆ ಬಿಡಿಸಿದೆ, ನಾಲಿಗೆಯನ್ನು ಹಲ್ಲಿನಲ್ಲಿ ಹಿಡಿದುಕೊಂಡು ಕೂತೆ. ಮಗಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅದು ತೆರೆಯಲಿಲ್ಲ. ಗೋಡೆ ನೋಡಿದಳು. ಮತ್ತೆ ನನ್ನ ಬಾಯಿ ನೋಡಿದಳು. ಕಟ್ಟು ಅರ್ಧ ಮುಗಿದಿತ್ತು.

"ನೀ ಬಂದಿ," ಅಂದಳು. "ಹಾರಿ ಹೋತು."

ಚಾನೆಲ್ಲಿನ ಕನ್ನಡವಲ್ಲ ಅದು. ಆ ಪೆಟ್ಟಿಗೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಗದಗಿನದು, ನನ್ನದು.

"ಏಟಿ?" ಅಂದಳು ಮುದುಕಿ. ಮಗಳು ಅವಳ ಕಡೆ ತಿರುಗಿ ಅದನ್ನೇ ತೆಲುಗಿನಲ್ಲಿ ಒದರಿ ಹೇಳಿದಳು. ಮುದುಕಿ ತಲೆಯಾಡಿಸಿದಳು.

ನನಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಕಿವಿಗೆ ಕೈ ಹಚ್ಚಿ ಮುಂದೆ ಬಗ್ಗಿದೆ.

"ಏನಂದಿ?" ಅಂದೆ.

ನನಗೂ ಕಿವಿ ಹೋಗಿದೆ ಅಂದುಕೊಂಡಿರಬೇಕು. ಹತ್ತಿರ ಬಂದು, ನನ್ನ ಮೊಣಕಾಲಿನ ಮೇಲೆ ಕೈ ಊರಿ, ಒಂದೊಂದೇ ಶಬ್ದ ಬಿಡಿಸಿ, ಗಟ್ಟಿಯಾಗಿ ಮತ್ತೊಮ್ಮೆ ಹೇಳಿದಳು.